ತಾತನ ಲೆನ್ಸಿನಲ್ಲಿ ತೆಗೆಯದೆ ಹೋದ ನನ್ನ ಫೋಟೋ

ಅಪ್ಪಾ,

ಹೇಗಿದ್ದೀಯ ಎಂದು ಕೇಳಲು ಬಾಯಿ ಬರುತ್ತಿಲ್ಲ. ಪಾಂಡವಪುರದ ನಮ್ಮ ಸ್ಟುಡಿಯೊ ಬಾಗಿಲು ತೆಗೆದು, ನಿನ್ನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಎದುರಿಗೆ ತಾತನ ಕಾಲದ ಹಿತ್ತಾಳೆ ಲೆನ್ಸು ಇದೆ. ನಿನಗೆ ಹೇಳಬೇಕಾದ ಸುದ್ದಿಯೊಂದಿದೆ. ಅದಕ್ಕೆ ಮೊದಲು ನಿನ್ನ ಹತ್ತಿರ ಒಂದಿಷ್ಟು ಜಗಳವಾಡಬೇಕು.

ನೆನಪಿದೆಯಾ, ಈ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂರಿಸಲು ನೀನು ಮಂಡ್ಯದ ಲೇತ್ ಅಂಗಡಿಯಲ್ಲಿ ಬಳೆಯಂಥದ್ದೊಂದು ಮಾಡಿಸಿ ತಂದ ದಿನ? ಅಮ್ಮನನ್ನು ಹಿತ್ತಿಲಲ್ಲಿ ನಿಲ್ಲಿಸಿ ಮೊದಲ ಫೋಟೋ ತೆಗೆದೆ. ಪ್ರಿಂಟಿನಲ್ಲಿ ಅಮ್ಮನ ಮುಖದ ಗೆರೆಗಳೆಲ್ಲ ಕರಗಿದ್ದವು, ಕೂದಲಂಚಿನ ಬಿಸಿಲು ಹಿಟ್ಟು ಉದುರಿಸಿದ ಹಾಗೆ ಹರಡಿತ್ತು. "ಕಣ್ಣು ಮಾತ್ರ ಸರ್ಯಾಗ್ ಕಾಣ್ತದೆ, ಮಿಕ್ಕಿದ್ದೆಲ್ಲ ಮೆತ್ಗೈತೆ ನೋಡವ್ವ" ಎಂದು ನನಗೆ ತೋರಿಸಿದೆ. ಬಣ್ಣದ ರೀಲು ಬಂದು, ಎಲ್ಲರಿಗೂ ರೆಪ್ಪೆಯ ಕೂದಲೂ ಎಣಿಸುವಂತಿರಬೇಕು ಎನ್ನುವ ಹುಚ್ಚು ಹಿಡಿದಿದ್ದ ಕಾಲ. "ಇದೇನಣ್ಣೋ, ಮಂಜು ಹಿಡ್ದಂಗದೆ" ಎಂದು ಗಿರಾಕಿಗಳು ಗೊಣಗಿದರೂ ನೀನು ಬಿಡಲಿಲ್ಲ.

ಅರಕೆರೆಯ ಆ ಹುಡುಗಿಯ ಫೋಟೋ ಆದ ಮೇಲೆ ನೀನು ಬದಲಾದೆ. ಗಂಡಿನ ಕಡೆಯವರಿಗೆ ಕಳಿಸಲೆಂದು ತೆಗೆದದ್ದು. ಅವಳ ಕೆನ್ನೆಯ ಮೊಡವೆ ಗುಳಿಗಳೆಲ್ಲ ನಿನ್ನ ಲೆನ್ಸಿನಲ್ಲಿ ಮಾಯವಾಗಿದ್ದವು. ನಾಗಮಂಗಲದಿಂದ ಬಂದವರು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡೇ "ಫೋಟೋದಾಗಿದ್ ಹೆಣ್ಣೆಲ್ಲಿ?" ಎಂದು ಕೇಳಿ ಎದ್ದು ಹೋದರಂತೆ. ಅವಳ ಅಪ್ಪ ಬಂದು ನಿನ್ನನ್ನು ಬೈಯಲೂ ಇಲ್ಲ. ಫೋಟೋವನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಅವತ್ತು ನೀನು ಊಟ ಮಾಡಲಿಲ್ಲ.

ಆಮೇಲೆ ನನ್ನ ಸರದಿ ಬಂತು. ಚಿಕ್ಕಂದಿನಲ್ಲಿ ಕಾದ ಹಾಲು ಬಿದ್ದು ಸುಟ್ಟ ಎಡಗೆನ್ನೆ ನನ್ನದು. ತಾತನ ಲೆನ್ಸಿನಲ್ಲೇ ತೆಗೆಯಪ್ಪ ಎಂದು ಗೋಗರೆದೆ. ನೀನು ಹೊಸ ಲೆನ್ಸು ಹಾಕಿ, ಕಿಟಕಿಯ ಬೆಳಕಿಗೆ ಆ ಕೆನ್ನೆಯನ್ನೇ ತಿರುಗಿಸಿದೆ. "ಬರೋನು ಈ ಮುಖನೇ ನೋಡ್ಕಂಡ್ ಬರ್ಲಿ ಕಣವ್ವ. ಧಾರೆ ಆದ್ಮೇಲೆ ತಾತನ ಲೆನ್ಸಲ್ಲಿ ತೆಗೀತೀನಿ. ಆಗ ಯಾರ್ಗೂ ಮೋಸ ಆಗಾಕಿಲ್ಲ." ಎಂಥ ಅಪ್ಪ ನೀನು? ಊರ ಹೆಣ್ಣುಮಕ್ಕಳಿಗೆಲ್ಲ ಕೊಟ್ಟ ಚೆಲುವನ್ನು ನಿನ್ನ ಮಗಳಿಗೆ ಮಾತ್ರ... ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ನಿನ್ನನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ ಆ ಬೆಳಗ್ಗೆ ಚಿಕ್ಕಪ್ಪ, "ಎತ್ತೋಕ್ ಮುಂಚೆ ಒಂದ್ ಫೋಟೋ ಬೇಕಲ್ಲವ್ವ" ಎಂದರು. ಸಾವಿನ ಮನೆಗೆ ನೀನು ಒಯ್ಯುತ್ತಿದ್ದದ್ದು ತಾತನ ಲೆನ್ಸನ್ನೇ ಅಲ್ಲವೇ? ನಾನೂ ಅದನ್ನೇ ಹಾಕಿದೆ. ಕಾಯಿಲೆ ನಿನ್ನ ಕೆನ್ನೆಗಳನ್ನು ಒಳಕ್ಕೆ ಎಳೆದುಕೊಂಡಿತ್ತು. ಕಣ್ಣೀರಿನಲ್ಲಿ ಫೋಕಸ್ಸು ಸಿಗಲಿಲ್ಲ, ಸೆರಗಿನಿಂದ ಒರೆಸಿಕೊಂಡು ಒರೆಸಿಕೊಂಡು ಒತ್ತಿದೆ. ಪ್ರಿಂಟು ನೋಡಿ ಅಮ್ಮ "ಉಂಡು ಮಲಗವ್ರೆ ಅನ್ನಂಗದೆ" ಎಂದಳು. ಈಗಲೂ ಅದರ ಮುಂದೆ ಕೂತೇ ಕಾಫಿ ಕುಡಿಯುತ್ತಾಳೆ.

ಇನ್ನು ಸುದ್ದಿ. ನೀನು ತೆಗೆದ ಆ ಫೋಟೋ ನೋಡಿ ಕೆ.ಆರ್. ಪೇಟೆ ಕಡೆಯವರು ಬಂದಿದ್ದರು. ಹುಡುಗನಿಗೆ ಡೈರಿಯಲ್ಲಿ ಕೆಲಸ. ಹಾಲು ಸುಟ್ಟ ಮುಖಕ್ಕೆ ಹಾಲಿನವನೇ ಬಂದ ಎಂದು ನೀನಿದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ನಾನು ಕಾಫಿ ತಂದಾಗ ಅವನ ತಾಯಿ ನನ್ನ ಗಲ್ಲ ಹಿಡಿದು ನೋಡಿ, ಮಗನ ಕಡೆ ತಿರುಗಿ, "ಫೋಟೋದಾಗಿದ್ದಂಗೇ ಅವ್ಳೆ ಕಣ್ಲಾ" ಎಂದರು. ಒಳಗೆ ಹೋಗಿ ನಿನ್ನ ಫೋಟೋ ಮುಂದೆ ನಿಂತುಬಿಟ್ಟೆ. ಯಾರೆದುರೂ ತಲೆ ತಗ್ಗಿಸದ ಹಾಗೆ ಮಾಡಿ ಹೋಗಿದ್ದೀಯ. ಅದನ್ನು ಹೇಳೋಣವೆಂದರೆ ನೀನೇ ಇಲ್ಲ.

ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆ. ನಿನ್ನ ಮಾತು ಬಾಕಿ ಉಳಿದಿದೆಯಲ್ಲ, ಅದನ್ನು ಅವನಿಗೆ ಹೇಳಿದೆ. ಮೊನ್ನೆ ಬಂದು ತಾತನ ಲೆನ್ಸು ತಿರುಗಿಸುವುದನ್ನು ಕಲಿತು ಹೋದ. ಇನ್ನೂ ನನ್ನ ಕಣ್ಣು ಬಿಟ್ಟು ಕಿವಿಗೆ ಫೋಕಸ್ಸು ಮಾಡುತ್ತಾನೆ. ಇರಲಿ, ಧಾರೆ ಮುಗಿದ ಮೇಲೆ ಅವನೇ ತೆಗೆಯುತ್ತಾನೆ. ನೀನು ನಿಲ್ಲಬೇಕಾಗಿದ್ದ ಜಾಗದಲ್ಲಿ ಅವನನ್ನು ಕಂಡು ನನಗೆ ಅಳು ಬಂದರೆ ಬರಲಿ ಬಿಡಪ್ಪ. ಆ ಲೆನ್ಸಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ, ನಿನ್ನೊಬ್ಬನನ್ನು ಬಿಟ್ಟು.

ನಿನ್ನ ಮಗಳು