ಹಿಲಾರಿಯ ಹುಳಿ ವೈನ್

ಗುಫೂಲ್, ಬಹ್ರೈನ್
ನವೆಂಬರ್ ೧೯೯೬

ತಂಗಿ ಸೆರಾಫಿನಾಳಿಗೆ ಅಕ್ಕನ ಆಶೀರ್ವಾದ.

ನನ್ನ ಮಗನ ಬುದ್ಧಿಗೆ ಏನು ಹೇಳಲಿ! ಹೋಟೆಲಿನಲ್ಲಿ ಮೇಲಿನ ಕೆಲಸ ಸಿಗಬೇಕಾದರೆ ಹಿಲಾರಿ ವೈನಿನ ಪರೀಕ್ಷೆ ಪಾಸಾಗಬೇಕಂತೆ. ರುಚಿ ನೋಡಿ ಕಲಿಯಲಿಕ್ಕೆ ಯಾವುದೋ ಚಳಿ ದೇಶದ ಕಡಲತೀರದ ಬಾಟಲಿಯೊಂದನ್ನು ತಂದಿಟ್ಟಿದ್ದ. ನಾನು ಮುಚ್ಚಳ ಬಿಚ್ಚಿ ಒಂದು ಗುಟುಕು ಕುಡಿದೆ. ಹಲ್ಲು ಚುಳ್ಳೆಂದಿತು. ಹಾಳಾಗಿದೆ ಎಂದುಕೊಂಡು, ನಾವು ಕ್ರಿಸ್‌ಮಸ್‌ಗೆ ಮಾಡುವ ಹಾಗೆ ಸಕ್ಕರೆ, ಲವಂಗ, ಚಕ್ಕೆ ಹಾಕಿ ಸರಿಮಾಡಿಟ್ಟೆ.

ನಿನ್ನೆ ಸಂಜೆ ಬಂದವನು ತಲೆ ಮೇಲೆ ಕೈಹೊತ್ತು ಕೂತ. “ಮಾಂಯ್, ಎಂತ ಮಾಡಿದ್ದು ನೀನು? ಅಲ್ಲಿ ಮಂಜಿಗೆ, ತಣ್ಣನೆ ಗಾಳಿಗೆ ದ್ರಾಕ್ಷಿ ನಿಧಾನ ಹಣ್ಣಾಗುವುದು. ಆ ಹುಳಿಗೇ ಬೆಲೆ! ನಾಳೆ ಪರೀಕ್ಷೆಯಲ್ಲಿ ಅದರ ರುಚಿ ಹೇಳ್ಲಿಕ್ಕುಂಟು, ನನ್ನ ಹತ್ರ ಬೇರೆ ಬಾಟ್ಲಿ ಇಲ್ಲ.”

“ಹುಳಿ ಅಂತ ಹೇಳು. ಅದಕ್ಕೆಂಥ ಪರೀಕ್ಷೆ?” ಎಂದೆ.

“ಯಾವ ಹುಳಿ?” ಎಂದು ಪೆನ್ಸಿಲ್ ಹಿಡಿದು ನನ್ನೆದುರೇ ಕೂತ.

ಹಸಿ ಬಿಂಬುಳಿ ಕಾಯಿ ಕಚ್ಚಿದ ಹಾಗೆ ಎಂದೆ.

“ನುಂಗಿದ ಮೇಲೆ?”

ಕಡಲ ಮರುವಾಯಿಯ ಉಪ್ಪುಪ್ಪು ಚಿಪ್ಪು ನೆಕ್ಕಿದ ಹಾಗೆ ಎಂದೆ.

“ಅದೇ ಮಾಂಯ್! ಅದು ಆ ಕಡಲ ಬದಿಯ ಮಣ್ಣಿನ ಗುಣ!”

ಅನ್ನ ಆರಿ ತಣ್ಣಗಾದರೂ ಅವನ ಪ್ರಶ್ನೆ ಮುಗಿಯಲಿಲ್ಲ. ಹುಟ್ಟಿದಂದಿನಿಂದ ನನ್ನ ಒಂದು ಮಾತೂ ಕೇಳದವನು!

ನನ್ನ ಮಂಡಿನೋವು ಕಡಿಮೆ ಉಂಟು, ಎಣ್ಣೆ ಕಳಿಸಬೇಡ. ಅವನು ಈಗಷ್ಟೇ ಪರೀಕ್ಷೆಗೆ ಹೊರಟುಹೋದ. ಪರೀಕ್ಷೆ ಅವನದು, ನಾಲಿಗೆ ನನ್ನದು. ಸಂತ ಅಂತೋನಿಗೆ ಒಂದು ಮೇಣದಬತ್ತಿ ಹಚ್ಚು. ಯಾಕೆಂದು ಪಾದ್ರಿಗಳಿಗೆ ಹೇಳಬೇಡ.

ಅಕ್ಕ ಬೆನೆದಿಕ್ತಾ