ಸೋರೆಬುರುಡೆಯ ಬೆಳ್ಳಿ ನಾಣ್ಯ

ಫ್ರೀಟೌನ್, ಮಂಗಳವಾರ

ಪ್ರೀತಿಯ ಯೂಜೀನಿಯಾ ಅಮ್ಮನವರಿಗೆ,

ಇವತ್ತು ಬೆಳಿಗ್ಗೆ ಪುಸ್ತಕದ ಕಪಾಟಿನ ಮೇಲಿನ ನಿಶ್ಚಿತಾರ್ಥದ ಸೋರೆಬುರುಡೆಯನ್ನು ಒರೆಸುವಾಗ ಗಮನಿಸಿದೆ: ಶಾಸ್ತ್ರಕ್ಕೆಂದು ನೀವು ಒಳಗಿಟ್ಟಿದ್ದ ಸೂಜಿಗೆ ತುಕ್ಕು ಹಿಡಿದಿದೆ. ಕೋಲಾ ಕಾಯಿಗಳು ಒಣಗಿ ಕಲ್ಲಾಗಿವೆ. ನಿಮ್ಮ ಮನೆತನದ ಬೆಳ್ಳಿ ನಾಣ್ಯ ಮಾತ್ರ ಹಾಗೇ ಇದೆ. ನಮ್ಮೂರನ್ನು ಹಿಂದೆ ಆಳುತ್ತಿದ್ದ ವ್ಯಾಪಾರಿ ಕಂಪನಿಯ ಕಾಲದ್ದು, ಒಂದು ಬದಿಗೆ ಸಿಂಹ, ಇನ್ನೊಂದು ಬದಿಗೆ ಪರಸ್ಪರ ಹಿಡಿದುಕೊಂಡ ಎರಡು ಕೈ.

ನಿಶ್ಚಿತಾರ್ಥದಂದು ನೀವೆಲ್ಲ ನಮ್ಮ ಬಾಗಿಲಲ್ಲಿ ನಿಂತು, "ನಿಮ್ಮ ತೋಟದಲ್ಲೊಂದು ಗುಲಾಬಿ ಕಂಡ್ವಿ, ಕೊಡ್ತೀರಾ?" ಎಂದಿರಿ. ಪದ್ಧತಿಯಂತೆ ಚಿಕ್ಕಮ್ಮ ಮೊದಲು ನನ್ನ ಬದಲು ಮನೆಯ ಬೇರೆ ಹೆಂಗಸರನ್ನು ತಂದು ತೋರಿಸಿದರು, ನಮ್ಮಜ್ಜಿಯನ್ನೂ ಸೇರಿಸಿ. "ಈ ಹೂವು ಬಾಡಿದೆ ಕಣ್ರೀ!" ಎಂದು ನೀವು ನಕ್ಕಿರಿ. ದೂರದ ಬಾಂಜುಲ್‌ನಲ್ಲಿ ಕೆಲಸಕ್ಕಿದ್ದ ಥಿಯೋಫಿಲಸ್‌ಗೆ ರಜೆ ಸಿಕ್ಕಿರಲಿಲ್ಲ. ಮಗನ ಪರವಾಗಿ ನೀವೇ ಬುರುಡೆಯನ್ನು ನನ್ನ ಕೈಗಿತ್ತಿರಿ.

ಅದಾಗಿ ಮೂರು ವರ್ಷ. ಥಿಯೋಫಿಲಸ್ ಅವರ ಕೊನೆಯ ಪತ್ರ ಬಂದದ್ದು ಹೋದ ಈಸ್ಟರ್‌ಗೆ. ಅವರ ಸುದ್ದಿ ನಿಮ್ಮನ್ನು ಕೇಳಿದಾಗಲೆಲ್ಲ ನೀವು ನನ್ನ ಊಟದ ಮಾತೆತ್ತುತ್ತೀರಿ. ಚಿಕ್ಕಮ್ಮ ಬಿಡುವುದಿಲ್ಲ: "ಏನೇ, ಆ ನಾಣ್ಯದ ಜೊತೆಗೇ ಸಂಸಾರ ಮಾಡ್ತೀಯಾ?"

ಶನಿವಾರ ನೀವು ಕಳಿಸುವ ಮರಗೆಣಸಿನ ಮುದ್ದೆ, ಆ ಫೂಫೂ, ಇನ್ನು ಬೇಡಮ್ಮ. ಒಬ್ಬಳಿಗೆ ಹೆಚ್ಚಾಗುತ್ತದೆ.

ಬುರುಡೆ ಹಿಂದಿರುಗಿದರೆ ಸಂಬಂಧ ಮುರಿದಂತೆ ಎಂದು ಬಲ್ಲೆ. ಅದನ್ನು ಹಿರಿಯರೇ ತಂದೊಪ್ಪಿಸಬೇಕು ಎಂಬುದೂ ಗೊತ್ತು. ಆದರೆ ಚಿಕ್ಕಮ್ಮ ಬಂದರೆ ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಾರೆ. ಆದ್ದರಿಂದ ಭಾನುವಾರ ಚರ್ಚ್ ಮುಗಿದ ಮೇಲೆ ನಾನೊಬ್ಬಳೇ ತರುತ್ತೇನೆ. ದಯವಿಟ್ಟು ಹಿತ್ತಲ ಬಾಗಿಲು ತೆಗೆದಿಡಿ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ಇಯಾಮಿಡೆ