ಬಿಡು ಎನ್ನಲು ಕಲಿಯದವಳು

ಫೆಬ್ರವರಿ 3
ಬೆಳಗ್ಗೆ ಹನ್ನೊಂದು ಬಸುರಿಯರು, ಹನ್ನೊಂದು ಚಾಪೆ. ಉಸಿರು, ಸೊಂಟ, ಕೆಳಗಿನ ಸ್ನಾಯು — ಅದೇ ಪಾಠ. ಫಿಸಿಯೋ ಕೋಣೆಯ ಫ್ಯಾನು ಇವತ್ತೂ ಕಿರುಗುಟ್ಟಿತು. ಸಂಜೆ ಮನೆಯಲ್ಲಿ ತಂಗಿಗೂ ಅದೇ. ಐದನೇ ತಿಂಗಳಲ್ಲಿ ಸೀನಿದರೆ ಉಚ್ಚೆ ಸೋರುತ್ತಿತ್ತು, ಈಗಿಲ್ಲ. ದಿನಕ್ಕೆ ಮೂರು ಸಲ ನಾನು ಎಣಿಸುತ್ತೇನೆ, ಅವಳು ಬಿಗಿ ಹಿಡಿಯುತ್ತಾಳೆ. “ಬಿಡಬೇಡ, ಬಿಡಬೇಡ... ಹತ್ತು!”
“ಅಕ್ಕಾ, ನಿನ್ನ ದನಿ ಕೇಳಿದ್ರೆ ಸಾಕು, ಆ ಸ್ನಾಯು ಎದ್ದು ನಿಂತು ಸಲಾಂ ಹೊಡೆಯುತ್ತೆ.”
ಇಬ್ಬರೂ ಬಿದ್ದು ಬಿದ್ದು ನಕ್ಕೆವು.
“ಹೆರಿಗೆ ಕೋಣೆಗೆ ನೀನೇ ಬರ್ಬೇಕು. ಅಮ್ಮ ಇದ್ದಿದ್ರೆ ನಿನ್ನ ಕೇಳ್ತಾನೇ ಇರ್ಲಿಲ್ಲ.”
ಬರುತ್ತೇನೆಂದು ಮಾತು ಕೊಟ್ಟೆ.

ಫೆಬ್ರವರಿ 19
ತಂಗಿಗೆ ಮೂವತ್ತೇಳು ವಾರ. ಡಾಕ್ಟರಮ್ಮ ಸ್ಕ್ಯಾನ್ ಹಿಡಿದು “ಮುಕ್ಕಮ್ಮ, ಮಗೂನ ಕೆಳಗೆ ತಳ್ಳೋ ಹಾಗೆ” ಎಂದರು. ತೆರೆಯಬೇಕಾದ ದಾರಿ ಪರದೆಯ ಮೇಲೆ ಕಿರಿದಾಯಿತು.
“ಚೊಚ್ಚಲಿನವರು ಎಷ್ಟೋ ಜನ ಹೀಗೇ. ಮಗೂನ ಬಾ ಅಂತ ಕರೀತಾರೆ, ಬಾಗಿಲಿಗೆ ಅಗುಳಿ ಹಾಕ್ತಾರೆ. ಪರದೆ ನೋಡ್ಕೊಂಡು ಮಾಡು.”
ಮೂರನೇ ಸಲಕ್ಕೆ ತೆರೆಯಿತು. ನನಗೆ ಹಿಗ್ಗು. “ಹಾಂ, ಹಾಗೇ, ಮುಕ್ಕು!” ಎಂದೆ.
ಮುಚ್ಚಿಕೊಂಡಿತು.
ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಮುಚ್ಚಿಕೊಂಡಿತು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ನೀವು ಸ್ವಲ್ಪ ಸುಮ್ನಿರಿ.”
ಸುಮ್ಮನಾದೆ. ತೆರೆಯಿತು.

ಫೆಬ್ರವರಿ 20
ಕ್ಯಾಂಟೀನಿನಲ್ಲಿ ಡಾಕ್ಟರಮ್ಮ — “ವ್ಯಾಯಾಮದ ತಪ್ಪಲ್ಲ ರೀ. ಹಿಡಿಯೋದು ಕಲಿಸಿದ್ರಿ. ಬಿಡೋದು ಕಲಿಸಿದ್ರಾ?”
ಹತ್ತು ಎಂದ ಮೇಲೆ ಒಂದು ದಿನವಾದರೂ ‘ಬಿಡು’ ಎಂದಿದ್ದೆನೇ? ಇಲ್ಲ. ಹತ್ತಾದ ಕೂಡಲೇ ಮತ್ತೆ ಒಂದು. ಆ ಹನ್ನೊಂದು ಚಾಪೆಗಳಿಗೂ ಅಷ್ಟೇ. ಕಾಫಿ ಆರಿಹೋಯಿತು. ಕುಡಿಯಲಿಲ್ಲ.

ಫೆಬ್ರವರಿ 27
ವಾರವಿಡೀ ಮನೆಯಲ್ಲಿ ‘ಬಿಡು, ಸಡಿಲ ಬಿಡು’ ಎಂದು ಹೇಳಿಕೊಟ್ಟೆ. ಇವತ್ತು ಮತ್ತೆ ಸ್ಕ್ಯಾನ್. ನನ್ನ ‘ಬಿಡು’ಗೂ ಬಿಗಿಯುತ್ತದೆ. ಪದಕ್ಕಲ್ಲ, ದನಿಗೆ.
ತಂಗಿಗೆ ತಮಾಷೆ. “ಹೋಗ್ಲಿ ಬಿಡೇ. ಬಾಯಿ ಮುಚ್ಕೊಂಡು ಬಾ. ಕೈ ಹಿಡ್ಕೊ, ಸಾಕು. ನಿಂಗೆ ಅದೇ ಕಷ್ಟ ಅಂತ ಗೊತ್ತು.”
ನಗಲು ಆಗಲಿಲ್ಲ.

ಮಾರ್ಚ್ 6, ಮಧ್ಯಾಹ್ನ 2.40
ಕಾರಿಡಾರಿನ ಬೆಂಚು. ಒಂದೂವರೆ ಗಂಟೆ ಹೆರಿಗೆ ಕೋಣೆಯ ಒಳಗಿದ್ದೆ. ಕೈ ಹಿಡಿದುಕೊಂಡಿದ್ದೆ, ತುಟಿ ಬಿಚ್ಚಲಿಲ್ಲ. ಮಗುವಿನ ನೆತ್ತಿ ಕಾಣುತ್ತಿತ್ತು. ನೋವಿನಲ್ಲಿ ಅವಳಿಗೆ ಎಲ್ಲ ಮರೆತುಹೋಯಿತು. “ಅಕ್ಕಾ, ಏನಾದ್ರೂ ಮಾತಾಡೇ... ಭಯ ಆಗ್ತಿದೆ.”
“ಇಲ್ಲೇ ಇದೀನಿ ಕಣೇ.”
ಅಷ್ಟೇ. ನೆತ್ತಿ ಹಿಂದೆ ಸರಿಯಿತು. ಹಿರಿಯ ನರ್ಸ್ ನನ್ನ ರಟ್ಟೆ ಹಿಡಿದರು — “ಹೊರಗಿರಿ ಮೇಡಂ.”

3.05
ಮಗುವಿನ ಎದೆಬಡಿತ ಇಳಿಯುತ್ತಿದೆಯಂತೆ. ಇನ್ನೆರಡು ಸಲ ನೋಡಿ, ಆಗದಿದ್ದರೆ ಆಪರೇಷನ್.
“ಅಕ್ಕಾ! ಎಲ್ಲಿ ಹೋದೆ? ಅಕ್ಕಾ!”
ಬಾಗಿಲು ಎರಡೇ ಹೆಜ್ಜೆ. ಸೆರಗು ಬಾಯಿಗೆ ತುರುಕಿಕೊಂಡಿದ್ದೇನೆ. ಬರೆಯುತ್ತಿರುವುದೂ ಅದಕ್ಕೇ, ಬಾಯಿ ಬಿಡದಿರಲು.

3.12
ಡಾಕ್ಟರಮ್ಮನ ದನಿ — “ಹಾಂ... ಬಂತು, ಸಡಿಲ ಬಿಡು, ಬಂತು...”
ತಂಗಿ ಕೂಗುತ್ತಿದ್ದಾಳೆ. ಈಗ ನನ್ನನ್ನಲ್ಲ. ಅಮ್ಮನನ್ನು. ಅಮ್ಮ ಹೋಗಿ ನಾಲ್ಕು ವರ್ಷ. ಓಗೊಡದವರ ಸಾಲಿನಲ್ಲಿ ಅಮ್ಮನ ಪಕ್ಕಕ್ಕೆ ನಾನೂ —